ಮನೆಯ ಡಿ.ಟಿ.ಪಿ.ಗೆ ಎಷ್ಟು ಹಣ?

ನಮ್ಮ ಬಡಾವಣೆಯ ಸಾಹಿತ್ಯ ಸಂಘದ ತ್ರೈಮಾಸಿಕ ಸಂಚಿಕೆಯ ಪುಟಗಳನ್ನು ಮನೆಯ ಗಣಕದಲ್ಲಿಯೇ ಜೋಡಿಸಿ ಮುದ್ರಣಾಲಯಕ್ಕೆ ಕಳುಹಿಸುವ ಭಾರವನ್ನು ನಾನು ವಹಿಸಿಕೊಂಡಂದಿನಿಂದ, ಅಂಥದೇ ಹವ್ಯಾಸವುಳ್ಳ ಮಿತ್ರರನೇಕರು ಯಾವ ತಂತ್ರಾಂಶಕ್ಕೆ ಹಣ ತೆತ್ತರೆ ಅದು ಸಾರ್ಥಕವಾದೀತೆಂದು ವಿಚಾರಿಸುತ್ತಲಿರುತ್ತಾರೆ. ತಂತ್ರಾಂಶದ ನಿಜವಾದ ಬೆಲೆ ಕೊಳ್ಳುವಾಗ ಕೊಟ್ಟ ಮೊತ್ತವಲ್ಲ, ಹತ್ತು ವರ್ಷಗಳ ತರುವಾಯ ಹಳೆಯ ಕಡತವನ್ನು ಮರಳಿ ತೆರೆಯಲು ಆಗತಕ್ಕ ವ್ಯಯವೆಂಬುದು ನನ್ನ ಮತ.

ಪೇಜ್‌ಮೇಕರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1985ರಲ್ಲಿ ಆಲ್ಡಸ್ ಸಂಸ್ಥೆಯಿಂದ ಹೊರಬಂದು, 1994ರಲ್ಲಿ ಅಡೋಬಿಯ ಪಾಲಾಗಿ, ನುಡಿ, ಶ್ರೀಲಿಪಿ ಮೊದಲಾದವುಗಳ ಅಕ್ಷರಗಳೊಡನೆ ಕನ್ನಡದ ಅಸಂಖ್ಯ ಗ್ರಂಥಗಳನ್ನು ಅಚ್ಚಿಗೆ ಅಣಿಗೊಳಿಸಿದ ಆ ತಂತ್ರಾಂಶ 2001ರ ಏಳನೆಯ ಆವೃತ್ತಿಗೇ ನಿಂತುಹೋಯಿತು. ಯೂನಿಕೋಡ್ ಕನ್ನಡವನ್ನರಿಯದ ಅದರ ಕಡತಗಳನ್ನು ಇಂದು ಪುನರ್ಮುದ್ರಣಕ್ಕೆ ತೆಗೆದುಕೊಂಡವರು, ಅಕ್ಷರಗಳನ್ನು ಪರಿವರ್ತಿಸಿ ಮತ್ತೊಮ್ಮೆ ಆದ್ಯಂತ ಕರಡು ತಿದ್ದುವ ಶ್ರಮದಿಂದ ಪಾರಾಗುವಂತಿಲ್ಲ. ಮೈಕ್ರೋಸಾಫ್ಟ್ ಪಬ್ಲಿಷರಿಗೂ 2026ರ ಅಕ್ಟೋಬರಿಗೆ ಅವಸಾನವೆಂದು ಅದರ ಒಡೆಯರೇ ಸಾರಿರುವುದರಿಂದ, ಹೊಸಬರು ಅತ್ತ ಸುಳಿಯದಿರುವುದೇ ಲೇಸು.

ಇನ್‌ಡಿಸೈನಿನ ಗುಣದ ವಿಷಯದಲ್ಲಿ ಸಂದೇಹವಿಲ್ಲ. ಆದರೆ 2013ರಿಂದೀಚೆಗೆ ಅಡೋಬಿಯವರು ಹೊಸ ಆವೃತ್ತಿಗಳನ್ನು ಚಂದಾ ಕ್ರಮದಲ್ಲಿ ಮಾತ್ರ ಕೊಡುತ್ತಿರುವುದರಿಂದ, ನಮ್ಮ ಸ್ಥಿತಿ ಬಾಡಿಗೆ ಮನೆಯಲ್ಲಿರುವವನ ಸ್ಥಿತಿಯೇ ಸರಿ: ಕಂತು ನಿಂತ ಮೇಲೆ, ನಾವೇ ಜೋಡಿಸಿದ ಪುಟವನ್ನು ನಾವು ತಿದ್ದಲಾರೆವು. ಕಂತಿನ ಮೇಲೆ ಶೇ. 18ರ ಜಿಎಸ್‌ಟಿ ಬೇರೆ. ಪ್ರತಿ ಮಾಸವೂ ಇದರಿಂದಲೇ ಸಂಪಾದಿಸುವ ವೃತ್ತಿಪರರು ಆ ವ್ಯಯವನ್ನು ಸಹಿಸಿಯಾರು. ಮೂರು ತಿಂಗಳಿಗೊಂದು ಸಂಚಿಕೆ ತರುವವನಿಗೆ ಅದು ದುಂದು. ಕದ್ದ ಪ್ರತಿಯನ್ನು ಪುಕ್ಕಟೆಯಾಗಿ ಹಾಕಿಕೊಡುವೆವೆನ್ನುವ ಅಂಗಡಿಗಳುಂಟು. ವೈರಸ್ಸನ್ನು ಮನೆಗೆ ಕರೆತರುವ ಆ ಔದಾರ್ಯ ನಮಗೆ ಬೇಡ.

ಉಳಿದದ್ದು ಸ್ಕ್ರೈಬಸ್. ಉಚಿತವೂ ಮುಕ್ತವೂ ಆದ ಇದು ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಪಿಡಿಎಫನ್ನು ಸಿದ್ಧಪಡಿಸಬಲ್ಲುದಾದರೂ, ಬಹುಕಾಲ ಕನ್ನಡದ ಒತ್ತಕ್ಷರಗಳ ಮುಂದೆ ಸೋಲುತ್ತಿತ್ತು. 2017ರ 1.5.3ರಲ್ಲಿ ಸಂಯುಕ್ತಾಕ್ಷರಗಳನ್ನು ಕೂಡಿಸುವ ಶಕ್ತಿ ಬಂದು, 2024ರಲ್ಲಿ ಸ್ಥಿರವಾದ 1.6 ಹೊರಬಿದ್ದಿರುವುದರಿಂದ, 1.4ರಂಥ ಹಳೆಯ ಆವೃತ್ತಿಯನ್ನು ಯಾರಾದರೂ ಕೊಟ್ಟರೆ ನಿರಾಕರಿಸತಕ್ಕದ್ದು. ನಮ್ಮ ಸಂಚಿಕೆ ಈಗ ಇದರಲ್ಲಿಯೇ ಸಿದ್ಧವಾಗುತ್ತದೆ. ಕಲಿಯುವುದು ಸುಲಭವೆಂದು ಹೇಳಲಾರೆ. ಚಿತ್ರಗಳಿಲ್ಲದ ಕಥಾಸಂಕಲನಕ್ಕಾದರೆ ಲಿಬ್ರೆಆಫೀಸ್ ರೈಟರ್ ಸಾಕು.

ಯಾವುದನ್ನೇ ಆರಿಸುವ ಮುನ್ನ ರಾಷ್ಟ್ರ, ಸ್ತ್ರೀ, ಕರ್ತೃ, ಸೂರ್ಯ, ಧರ್ಮ ಎಂಬ ಪದಗಳನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿ, ಅಕ್ಷರವಿನ್ಯಾಸ ಒಳಗೊಂಡ ಪಿಡಿಎಫ್ ಮಾಡಿ, ನಿಮ್ಮ ಮುದ್ರಕರಿಗೆ ಕೊಟ್ಟು ಒಂದು ಪುಟ ಅಚ್ಚು ಹಾಕಿಸಿ ನೋಡಿರಿ. ಒತ್ತು ಒಡೆಯದೆ ಬಂದರೆ ಕೆಲಸ ಆರಂಭಿಸಿ, ತಂತ್ರಾಂಶಕ್ಕೆಂದು ತೆಗೆದಿಟ್ಟ ಹಣವನ್ನು ಒಬ್ಬ ಒಳ್ಳೆಯ ಕರಡಚ್ಚು ತಿದ್ದುವವರಿಗೆ ಸಂಭಾವನೆಯಾಗಿ ಕೊಡಿರಿ.