ಕುದುರೆ ಸಾಲಿನ ಮುಂದೆ ಕೂತುಕೋ

ಮಗಾ, ಮೊನ್ನೆ ನೀನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ತಂದು ತೋರಿಸಿದ ಹೊಯ್ಸಳ ಸವಾರ ಚೆನ್ನಾಗಿದ್ದಾನೆ. ಕೈ ಪಳಗಿದೆ. ಆದರೆ ಆ ಮನುಷ್ಯ ಹಳೇಬೀಡಿನವನಲ್ಲ ಕಣೋ. ಮೈತುಂಬ ಬೆಳ್ಳಿ ಬಣ್ಣ ಬಳಿದುಕೊಂಡು ಯೂರೋಪಿನ ಯಾವುದೋ ಕೋಟೆಯಿಂದ ದಾರಿ ತಪ್ಪಿ ಬಂದ ಹಾಗಿದ್ದಾನೆ. ಬರೀ 28 ಮಿ.ಮೀ. ಗೊಂಬೆ, ಅಷ್ಟೆಲ್ಲ ಯಾರು ನೋಡುತ್ತಾರೆ ಅಂದೆಯಲ್ಲ, ಆ ಮಾತನ್ನು ಬೇರೆ ಊರಿನಲ್ಲಿ ಆಡಬಹುದು. ನಮ್ಮೂರಲ್ಲಿ ಆಡಬಾರದು.

ಹೊಯ್ಸಳೇಶ್ವರ ಗುಡಿ 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಶುರುವಾದದ್ದು. ಗೋಡೆಯ ಬುಡದಿಂದ ಎಣಿಸುತ್ತಾ ಬಾ: ಆನೆ, ಸಿಂಹ, ಬಳ್ಳಿ, ನಾಲ್ಕನೆಯದು ಕುದುರೆ ಸವಾರರು. ಗೈಡುಗಳು ಆನೆ ತೋರಿಸಿ ಮುಂದೆ ಹೋಗಿಬಿಡುತ್ತಾರೆ. ನೀನು ಹೋಗಬೇಡ, ಆ ನಾಲ್ಕನೇ ಸಾಲಿನ ಮುಂದೆ ಒಂದು ಬೆಳಗ್ಗೆ ಕೂತುಕೋ. ಲಗಾಮು ಎಲ್ಲಿಂದ ಎಲ್ಲಿಗೆ ಹೋಗಿದೆ, ಜೀನು ಹೇಗೆ ಕಟ್ಟಿದ್ದಾರೆ, ಸವಾರನ ಪಾದ ಎಲ್ಲಿದೆ, ಕೈಯಲ್ಲಿ ಏನಿದೆ, ಪುಸ್ತಕದಲ್ಲಿ ಗೀಚಿಕೋ. ಕಾಲಾಳು ಬೇಕಾದರೆ ಅದರ ಮೇಲಿರುವ ರಾಮಾಯಣ, ಮಹಾಭಾರತದ ಸಾಲಿಗೆ ಹೋಗು. ಯುದ್ಧಕ್ಕೆ ನಿಂತವರು ಬೇಕಾದಷ್ಟು ಜನ ಸಿಗುತ್ತಾರೆ.

ಇನ್ನೊಂದು ಗಮನಿಸು. ಬಳಪದ ಕಲ್ಲು ಮೆತ್ತಗಿದ್ದದ್ದರಿಂದ ಅವರು ಆಳಕ್ಕೆ ಕೊರೆದರು. ಎಳೆಬಿಸಿಲು ಓರೆಯಾಗಿ ಬಿದ್ದಾಗ ಹಳ್ಳಕ್ಕೆಲ್ಲ ನೆರಳು ಇಳಿದು ಕುದುರೆ ಎದ್ದು ನಿಲ್ಲುತ್ತದೆ. ನಿನ್ನ ಗೊಂಬೆಯ ಅಳತೆಗೆ ಬಿಸಿಲಿನಿಂದ ಅಷ್ಟು ನೆರಳು ಸಿಗುವುದಿಲ್ಲ, ನೀನೇ ಕೊಡಬೇಕು. ಕಂದು ಬಣ್ಣವನ್ನು ನೀರು ನೀರಾಗಿ ಮಾಡಿ ಸಂದುಗಳಿಗೆ ಬಿಡು. ಒಣಗಿದ ಮೇಲೆ, ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿಸಿದ ಬ್ರಷ್ಷಿನಿಂದ ತಿಳಿಬಣ್ಣವನ್ನು ಉಬ್ಬಿನ ಮೇಲಷ್ಟೇ ಸವರು.

ಕಲ್ಲು ಬಣ್ಣ ಹೇಳುವುದಿಲ್ಲ. ಅದಕ್ಕೆ ಮೂಡುಬಿದಿರೆಯ ಜೈನ ಮಠಕ್ಕೆ ಹೋಗಬೇಕು. ಅಲ್ಲಿ ಉಳಿದುಬಂದಿರುವ ಧವಳಾ ಗ್ರಂಥದ ತಾಳೆಗರಿಗಳಲ್ಲಿ ಹೊಯ್ಸಳರ ಕಾಲದ ಬಣ್ಣದ ಚಿತ್ರಗಳಿವೆ. ಮುದ್ರಿತ ಚಿತ್ರ ಸಿಕ್ಕರೂ ಸಾಕು, ಬೆಳ್ಳಿ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ನೋಡು.

ಬಣ್ಣ ಯಾವತ್ತೂ ತೆಳ್ಳಗಿರಲಿ, ಒಂದರ ಬದಲು ಎರಡು ಮೂರು ಕೈ ಹಚ್ಚು. ಹುಡುಗನಾಗಿದ್ದಾಗ ದಸರಾ ಗೊಂಬೆ ಕೂರಿಸುವ ಮುಂಚೆ, ಮಾಸಿಹೋಗಿದ್ದ ಜಂಬೂಸವಾರಿ ಸೆಟ್ಟಿನ ಸಿಪಾಯಿಗಳಿಗೆ ನಾನು ಗೇಟಿನ ಎನಾಮಲ್ ಬಳಿದೆ. ಹನ್ನೆರಡು ಜನರಿಗೂ ಕಣ್ಣು, ಮೂಗು, ಮೀಸೆ ಎಲ್ಲ ಮುಚ್ಚಿಹೋಯಿತು. ಒಂಬತ್ತು ದಿನವೂ ಅಮ್ಮ ಅವರನ್ನು ಗೋಡೆ ಕಡೆ ಮುಖ ಮಾಡಿಸಿಯೇ ನಿಲ್ಲಿಸಿದ್ದಳು.

ಇನ್ನು ಪೀಠ. ಪ್ಯಾಕೆಟ್ಟಿನ ಹಸಿರು ಹುಲ್ಲು ಯಾಕೋ? ನಮ್ಮ ತೋಟದ ಕೆಮ್ಮಣ್ಣು ಇಲ್ಲವೇ? ವಂದರಿಯಲ್ಲಿ ಜಾಲಿಸಿ, ಹಳೇ ಬಾಣಲೆಯಲ್ಲಿ ಹುರಿ. ಹುರಿಯದೆ ಹಾಕಿದರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಫೆವಿಕಾಲಿಗೆ ನೀರು ಬೆರೆಸಿ ಪೀಠಕ್ಕೆ ಹಚ್ಚಿ, ಮೇಲೆ ಮಣ್ಣು ಉದುರಿಸು. ಒಣಹುಲ್ಲಿಗೆ ತೆಂಗಿನ ನಾರಿನ ಹಗ್ಗದ ತುದಿ ಬಿಚ್ಚಿ ಚೂರು ಚೂರು ಕತ್ತರಿಸಿ ನೆಡು. ಬೇಸಿಗೆಯ ಅರಸೀಕೆರೆ ದಾರಿ ಅದಕ್ಕಿಂತ ಬೇರೆ ಇರುವುದಿಲ್ಲ. ಕುದುರೆ ವಾಲಿದರೆ ಪೀಠದ ಅಡಿಗೆ ಒಂದು ವಾಷರ್ ಅಂಟಿಸು. ಗುಡಿಯ ಆವರಣದಿಂದ ಮಾತ್ರ ಒಂದು ಹರಳೂ ತರಬೇಡ.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಪೀಠದಲ್ಲಿ ಹೆಸರು ಕೆತ್ತಿದ್ದಾರೆ. ನೀನೂ ಪೀಠದ ತಳದಲ್ಲಿ ಹೆಸರು, ಇಸವಿ ಬರೆ. ಆದರೆ ಈ ಬೆಳ್ಳಿ ಸವಾರನಿಗೆ ಬೇಡ, ಮುಂದಿನವನಿಗೆ. ಶನಿವಾರ ಗುಡಿಯ ಗೇಟು ತೆಗೆಯುವ ಹೊತ್ತಿಗೆ ಬಂದುಬಿಡು, ಪೆನ್ಸಿಲ್ ಮರೆಯಬೇಡ.