ಆಕ್ಸಲ್ ಕತ್ತರಿಸುವ ಮುಂಚೆ ಟೇಪು ಹಿಡಿಯಿರಿ

ಪದ್ಮಿನಿ ಕಾರಿಗೆ ಗುಜರಿಯ ಅಂಬಾಸಿಡರ್ ಆಕ್ಸಲ್ ಕೂರಿಸುವ ನಾಗಮಂಗಲದ ಓದುಗರೇ, ಟೈರು ಮಡ್‌ಗಾರ್ಡಿಗೆ ಎಷ್ಟು ತಾಗುತ್ತದೆಂದು ಮೊದಲು ಅಳೆಯಿರಿ. ಅರ್ಧ ಇಂಚಿನ ತಕರಾರಾದರೆ, ಇನ್ನಷ್ಟು ಒಳಗೆ ಕೂರುವ ರಿಮ್ ಹುಡುಕಿ. ಕತ್ತರಿಸುವ ಗೋಜೇ ಬೇಡ.

ಅದಕ್ಕೂ ಹೆಚ್ಚು ತಾಗಿದರೆ ಮಾತ್ರ ಆಕ್ಸಲ್ ಹೌಸಿಂಗ್ ಕತ್ತರಿಸಿ ಗಿಡ್ಡ ಮಾಡಿ. ಅದನ್ನು ಮತ್ತೆ ಬೆಸೆಯುವುದು ಸುಲಭ, ನೆಟ್ಟಗೆ ಬೆಸೆಯುವುದೇ ಕಷ್ಟ. ಬೇರಿಂಗ್ ಜಾಗಗಳ ಮೂಲಕ ಉದ್ದನೆಯ ನೇರ ರಾಡು ತೂರಿಸಿ, ಸ್ವಲ್ಪಸ್ವಲ್ಪವೇ ವೆಲ್ಡ್ ಮಾಡಿಸಿ. ಆತುರಪಟ್ಟರೆ ಹೌಸಿಂಗ್ ಶಾಖಕ್ಕೆ ಬಾಗಿ ಬೇರಿಂಗು, ಸೀಲು ಎರಡನ್ನೂ ತಿನ್ನುತ್ತದೆ. ಒಳಗಿನ ಶಾಫ್ಟನ್ನಂತೂ ನಡುವೆ ಕತ್ತರಿಸಿ ಬೆಸೆಯಲೇಬೇಡಿ. ಅದು ಹದ ಹಾಕಿದ ಉಕ್ಕು, ಬೆಸುಗೆಯ ಪಕ್ಕದಲ್ಲೇ ಮುರಿಯುತ್ತದೆ, ಕೆ.ಆರ್. ಪೇಟೆ ರಸ್ತೆಯಲ್ಲಿ ಚಕ್ರ ನಿಮಗಿಂತ ಮುಂದೆ ಓಡೀತು! ಶಾಫ್ಟಿನ ತುದಿ ಕತ್ತರಿಸಿ ಹೊಸ ಹಲ್ಲು ಕೊರೆಸಿ. ಅಲ್ಲಿ ಶಾಫ್ಟ್ ಸಣಕಲಾಗಿದ್ದರೆ ಹೊಸದೇ ಮಾಡಿಸಬೇಕು. ದುಡ್ಡು ಇಲ್ಲಿ ಸುರಿಯಿರಿ, ಬಣ್ಣಕ್ಕಲ್ಲ.

ಅಂದಹಾಗೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡಿಗೆ ಅಡ್ಡ ಬರಬಹುದು. ಕೆಎ-54 ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಕಟರ್ ಎತ್ತಿ.