ಮಧ್ಯಾಹ್ನ ಮರಳಿ ಬರಲಾಗುವ ರೂಮು

ಮಗಳೇ, ದಸರಾ ರಜೆಯಲ್ಲಿ ಅತ್ತೆ-ಮಾವನವರನ್ನೂ ಪುಟ್ಟನನ್ನೂ ಕರೆದುಕೊಂಡು ನಾಲ್ಕು ದಿನ ಮುಂಬಯಿ ನೋಡಲು ಬರುತ್ತೀರೆಂದು ತಿಳಿದು ಬಹಳ ಸಂತೋಷವಾಯಿತು. ನೀನು ಕಳಿಸಿದ ಹೋಟೆಲುಗಳ ಫೋಟೊಗಳನ್ನೆಲ್ಲ ಕೂತು ನೋಡಿದೆ. ಎಲ್ಲದರಲ್ಲೂ ಹಾಸಿಗೆ ಬೆಳ್ಳಗಿದೆ, ಬಚ್ಚಲು ಹೊಳೆಯುತ್ತಿದೆ, ಒಂದೆರಡರಲ್ಲಿ ಈಜುಕೊಳವೂ ಇದೆ. ಯಾವುದನ್ನು ಹಿಡಿಯಲಿ ದೊಡ್ಡಮ್ಮ ಎಂದು ಕೇಳಿದ್ದೀಯಲ್ಲ, ನಾನು ನಿನ್ನನ್ನೇ ಒಂದು ಮಾತು ಕೇಳುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ನಿನ್ನ ಅತ್ತೆಯವರು "ಸಾಕಮ್ಮ, ಸ್ವಲ್ಪ ಅಡ್ಡಾಗಬೇಕು" ಅಂದರೆ, ಅರ್ಧ ಗಂಟೆಯೊಳಗೆ ಅವರನ್ನು ಆ ಹಾಸಿಗೆಯ ಮೇಲೆ ಮಲಗಿಸಲು ನಿನ್ನಿಂದ ಆಗುತ್ತದೆಯೆ? ಆಗುತ್ತದೆ ಅನ್ನುವ ರೂಮನ್ನೇ ಹಿಡಿ. ಉಳಿದದ್ದನ್ನು ಆಮೇಲೆ ನೋಡೋಣ.

ಊರು ಸುತ್ತಲು ಹೊರಡುವವರು ರೂಮು ಹುಡುಕುವಾಗ ಬೆಳಗಿನ ಉತ್ಸಾಹದಲ್ಲಿ ಲೆಕ್ಕ ಹಾಕುತ್ತಾರೆ. ಎಂಟಕ್ಕೆ ಹೊರಡೋಣ, ಇಷ್ಟಿಷ್ಟು ನೋಡೋಣ, ರಾತ್ರಿ ಒಂಬತ್ತಕ್ಕೆ ಬಂದರಾಯಿತು, ರೂಮು ಮಲಗುವುದಕ್ಕೆ ತಾನೆ ಎಂದು. ನೀನು, ನಿನ್ನ ಗಂಡ ಇಬ್ಬರೇ ಆಗಿದ್ದರೆ ಆ ಲೆಕ್ಕ ಸರಿಯೇ. ಬೋರಿವಲಿಯಲ್ಲಿ ಉಳಿದರೂ ನಡೆದೀತು. ಮಂಡಿನೋವಿನ ಅತ್ತೆ, ಹೊತ್ತಿಗೆ ಸರಿಯಾಗಿ ಊಟ-ಮಾತ್ರೆ ಆಗಬೇಕಾದ ಮಾವ, ನಾಲ್ಕು ವರ್ಷದ ಮಗು ಜೊತೆಗಿದ್ದರೆ ದಿನವನ್ನು ಎರಡು ಪಾಲು ಮಾಡಲೇಬೇಕು: ಬೆಳಿಗ್ಗೆ ಒಂದಿಷ್ಟು, ಹೊತ್ತು ಇಳಿದ ಮೇಲೆ ಒಂದಿಷ್ಟು. ಅದರಲ್ಲೂ ನೀವು ಬರುವುದು ಅಕ್ಟೋಬರಿನಲ್ಲಿ. ಮಳೆ ನಿಂತ ಮೇಲೆ ಈ ಊರಿಗೆ ಇನ್ನೊಂದು ಬೇಸಿಗೆ ಬರುತ್ತದೆ, ಇಲ್ಲಿಯವರು ಅದನ್ನು ಅಕ್ಟೋಬರ್ ಹೀಟ್ ಅಂತಲೇ ಕರೆಯುತ್ತಾರೆ. ನಿಮ್ಮ ಹುಬ್ಬಳ್ಳಿಯ ಬಿಸಿಲು ಒಣ ಬಿಸಿಲು, ಮರದ ಕೆಳಗೆ ನಿಂತರೆ ಹಾಯೆನಿಸುತ್ತದೆ. ಇಲ್ಲಿ ನೆರಳಲ್ಲಿ ನಿಂತರೂ ಬೆನ್ನ ಮೇಲೆ ಬೆವರು ಇಳಿಯುತ್ತಲೇ ಇರುತ್ತದೆ. ಹನ್ನೊಂದೂವರೆ, ಹನ್ನೆರಡರ ಹೊತ್ತಿಗೆ ವಯಸ್ಸಾದವರು ಸೋತುಹೋಗುತ್ತಾರೆ. ಸೋತರೂ ಬಾಯಿಬಿಟ್ಟು ಹೇಳುವುದಿಲ್ಲ. "ನೀವು ನೋಡಿ ಬನ್ನಿ, ನಾವು ಇಲ್ಲೇ ಕೂತಿರ್ತೀವಿ" ಎಂದು ಯಾವುದೋ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಆ ಮಾತು ಅವರ ಬಾಯಿಂದ ಬರುವ ಮೊದಲೇ ನಿನಗೆ ತಿಳಿಯಬೇಕು.

ಈಗ ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಇಟ್ಟುಕೋ. ಮುಂಬಯಿ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಚಾಚಿಕೊಂಡಿರುವ ಊರು. ಚರ್ಚ್‌ಗೇಟಿನಿಂದ ಬೋರಿವಲಿಗೆ ರೈಲುದಾರಿಯಲ್ಲಿ 34 ಕಿಲೋಮೀಟರು. ನಿಮ್ಮ ಪಟ್ಟಿಯಲ್ಲಿರುವ ಜಾಗಗಳಾದರೋ ಬಹುಪಾಲು ದಕ್ಷಿಣದ ತುದಿಯಲ್ಲೇ ಒತ್ತಾಗಿ ಕೂತಿವೆ. 1924ರಲ್ಲಿ ಕಟ್ಟಿ ಮುಗಿಸಿದ ಗೇಟ್‌ವೇ, ಅದರ ಪಕ್ಕದಿಂದಲೇ ಎಲಿಫೆಂಟಾಕ್ಕೆ ಹೊರಡುವ ದೋಣಿ, ಕೂಗಳತೆಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಆಚೆ ಮರೀನ್ ಡ್ರೈವ್, ಈಚೆ ಸಿಎಸ್‌ಎಂಟಿ ರೈಲು ನಿಲ್ದಾಣ. ಹಳಬರಾದ ನಾವು ಅದನ್ನು ಇನ್ನೂ ವಿ.ಟಿ. ಅಂತಲೇ ಅನ್ನುವುದು. ಇವೆಲ್ಲ ಒಂದರಿಂದ ಒಂದಕ್ಕೆ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ಹಾಗಿರುವಾಗ ಅಂಧೇರಿಯಲ್ಲೋ ಠಾಣೆಯಲ್ಲೋ ಅಗ್ಗದ ರೂಮು ಹಿಡಿದರೆ ಮಧ್ಯಾಹ್ನ ಮರಳಿ ಬರುವ ಮಾತೇ ಇಲ್ಲ. ಬಾಡಿಗೆಯಲ್ಲಿ ಉಳಿಸಿದ್ದು ಟ್ಯಾಕ್ಸಿಗೂ ಮಂಡಿಯ ಎಣ್ಣೆಗೂ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ, ಹೊರಗಿನಿಂದ ಬರುವವರಿಗೆ ಅದು ಹೊಳೆಯುವುದಿಲ್ಲ. ಇಲ್ಲಿಯ ಲೋಕಲ್ ರೈಲಿನ ಜನಸಂದಣಿಗೆ ಒಂದು ದಿಕ್ಕಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಊರೆಲ್ಲ ದಕ್ಷಿಣಕ್ಕೆ ಬರುತ್ತದೆ, ಸಂಜೆ ಐದೂವರೆಯಿಂದ ಒಂಬತ್ತರವರೆಗೆ ಉತ್ತರಕ್ಕೆ ಹೋಗುತ್ತದೆ. ಉತ್ತರದಲ್ಲಿ ರೂಮು ಹಿಡಿದವರು ಬೆಳಿಗ್ಗೆಯೂ ಸಂಜೆಯೂ ಆ ಜನದ ಜೊತೆಗೇ ನುಗ್ಗಬೇಕು. ಹತ್ತುವುದಕ್ಕೆ ಸಿಗುವುದು ಕೆಲವೇ ಸೆಕೆಂಡು. ಮಗುವನ್ನು ಎತ್ತಿಕೊಂಡು, ಅತ್ತೆಯವರ ಕೈ ಹಿಡಿದುಕೊಂಡು ಸಂಜೆ ಆರೂವರೆಗೆ ದಾದರಿನಲ್ಲಿ ಬೋರಿವಲಿ ಫಾಸ್ಟ್ ಹತ್ತುತ್ತೇನೆ ಅಂದರೆ ನಾನು ಬಿಡುವುದಿಲ್ಲ. ದಕ್ಷಿಣದಲ್ಲೇ ಉಳಿದರೆ ನಿಮ್ಮ ಓಡಾಟ ಜನಕ್ಕೆ ಎದುರುಮುಖವಾಗುತ್ತದೆ. ಕಾನ್ಹೇರಿ ಗುಹೆ ನೋಡಲು ಬೆಳಿಗ್ಗೆ ಬೋರಿವಲಿಗೆ ಹೊರಟರೂ ಚರ್ಚ್‌ಗೇಟಿನಲ್ಲಿ ಗಾಡಿ ಖಾಲಿಯಾಗಿ ಮತ್ತೆ ಹೊರಡುತ್ತದೆ, ಕೂತುಕೊಂಡೇ ಹೋಗಬಹುದು. ಕಾನ್ಹೇರಿಗೂ ಎಲಿಫೆಂಟಾಕ್ಕೂ ಸೋಮವಾರ ರಜೆ, ಅದನ್ನು ಮಾತ್ರ ನೆನಪಿಟ್ಟುಕೋ.

ಎಲಿಫೆಂಟಾದ ಮಾತು ಬಂತಲ್ಲ, ನೀನು ಹೇಗೂ ಹೋಗೇ ಹೋಗುತ್ತೀ. ದೋಣಿಯಲ್ಲಿ ಸುಮಾರು ಒಂದು ಗಂಟೆ, ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಮೊದಲ ದೋಣಿಗಳಲ್ಲೇ ಹೋಗಿ ತ್ರಿಮೂರ್ತಿಯ ಮುಂದೆ ಸಾವಧಾನವಾಗಿ ನಿಂತು ನೋಡಿ ಬಂದರೂ ಗೇಟ್‌ವೇಗೆ ಮರಳುವಾಗ ಒಂದೂವರೆ ಎರಡು ಗಂಟೆ. ಆಗ ಎಲ್ಲರ ಮುಖವೂ ಕೆಂಪಾಗಿರುತ್ತದೆ, ಪುಟ್ಟ ಹೆಗಲ ಮೇಲೆ ನಿದ್ದೆ ಹೋಗಿರುತ್ತಾನೆ. ಹತ್ತು ನಿಮಿಷದಲ್ಲಿ ರೂಮು ಸೇರಿದರೆ ಸಂಜೆ ಐದಕ್ಕೆ ಮುಖ ತೊಳೆದು ಚಹಾ ಕುಡಿದು ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂರಬಹುದು. ಇಲ್ಲದಿದ್ದರೆ ಆ ದಿನ ಅಲ್ಲಿಗೇ ಮುಗಿಯಿತು, ಮರುದಿನವೂ ಅರ್ಧ ಹೋಯಿತು.

ಹಾಗಾದರೆ ನಿಮ್ಮ ಮಾಟುಂಗಾ? ಎಂದು ನೀನು ಕೇಳೇ ಕೇಳುತ್ತೀ. ನಾನು ಸಂಸಾರ ಹೂಡಿದ ಜಾಗ ಇದು, ಇದರ ಮೇಲೆ ನನಗಿರುವ ಪ್ರೀತಿ ನಿನಗೆ ಗೊತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಮಲ್ಲಿಗೆ ದಂಡೆ, ಬಾಳೆಲೆ, ಫಿಲ್ಟರ್ ಕಾಫಿಪುಡಿ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ. 1926ರಿಂದ ಇರುವ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. ನೀವು ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲೋ ಶರಾವತಿಯಲ್ಲೋ ಬಂದರೆ ದಾದರಿನಲ್ಲೇ ಇಳಿಯುವುದು, ಮುಂದಿನ ಸ್ಟೇಷನ್ನೇ ನಮ್ಮದು. ಅತ್ತೆಯವರಿಗೆ ಊಟ-ತಿಂಡಿಯ ಚಿಂತೆಯೇ ಇರುವುದಿಲ್ಲ. ಆದರೂ ನಾಲ್ಕು ದಿನದ ತಿರುಗಾಟಕ್ಕೆ ಇದು ದೂರವಾಯಿತು. ಮಾಟುಂಗಾಕ್ಕೆ ಒಂದು ಬೆಳಿಗ್ಗೆ ಬನ್ನಿ. 1942ರಲ್ಲಿ ಎ. ರಾಮನಾಯಕರು ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಿಸುತ್ತೇನೆ. ಅದು ಮೊದಲ ಮಹಡಿಯಲ್ಲಿದೆ, ಅತ್ತೆಯವರನ್ನು ನಿಧಾನವಾಗಿ ಹತ್ತಿಸೋಣ. ಉಳಿಯುವುದು ಮಾತ್ರ ಫೋರ್ಟ್, ಚರ್ಚ್‌ಗೇಟ್, ಕೊಲಾಬಾ ಈ ಮೂರರಲ್ಲಿ ಎಲ್ಲಾದರೂ ಆಗಲಿ. ಫೋರ್ಟಿನಲ್ಲೂ ನಮ್ಮ ಕರಾವಳಿಯವರ ಹೋಟೆಲುಗಳಿಗೆ ಕೊರತೆಯಿಲ್ಲ. ಆಫೀಸಿನ ಜನ ಮನೆಗೆ ಹೋದ ಮೇಲೂ ಭಾನುವಾರಗಳಲ್ಲೂ ಫೋರ್ಟಿನ ಒಳಬೀದಿಗಳು ಬಿಕೋ ಅನ್ನುತ್ತವೆ, ಆದ್ದರಿಂದ ದೊಡ್ಡ ರಸ್ತೆಯ ಮೇಲಿರುವುದನ್ನೇ ನೋಡು.

ಆ ಭಾಗದ ಬಾಡಿಗೆ ನಿಮ್ಮ ಕೈಗೆ ಮೀರಿದರೆ ಎರಡನೆಯ ಆಯ್ಕೆ ದಾದರ್. ಈಗ ಅದಕ್ಕೊಂದು ಅನುಕೂಲ ಬಂದಿದೆ. ಆರೆಯಿಂದ ಕಫ್ ಪರೇಡಿನವರೆಗೆ 33.5 ಕಿಲೋಮೀಟರಿನ ನೆಲದಡಿಯ ಮೆಟ್ರೊ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಗಿ ಓಡತೊಡಗಿತು. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್, ಸಿದ್ಧಿವಿನಾಯಕ, ದಾದರ್, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಅದೇ ದಾರಿಯಲ್ಲಿವೆ. ಲಿಫ್ಟು ಇದೆ, ತಂಪಾಗಿದೆ, ನೂಕುನುಗ್ಗಲು ಲೋಕಲಿನಷ್ಟಿಲ್ಲ. ಮಂಡಿನೋವಿನವರನ್ನು ಕರೆದುಕೊಂಡು ಓಡಾಡಲು ಈ ಊರಿನಲ್ಲಿ ಇಷ್ಟು ಸಲೀಸಾದ ದಾರಿ ಮೊದಲು ಇರಲೇ ಇಲ್ಲ. ಆದರೆ ಆ ದಾದರ್ ಮೆಟ್ರೊ ಸ್ಟೇಷನ್ ಇರುವುದು ವೆಸ್ಟಿನಲ್ಲಿ, ರೂಮೂ ವೆಸ್ಟಿನಲ್ಲೇ ಇರಬೇಕು.

ಈ ಈಸ್ಟ್-ವೆಸ್ಟ್ ಎಂಬುದನ್ನು ಹಗುರಾಗಿ ತೆಗೆದುಕೊಳ್ಳಬೇಡ. ರೈಲುಹಳಿ ಊರನ್ನು ಉದ್ದಕ್ಕೂ ಸೀಳಿದೆ. ವಿಳಾಸದ ಕೊನೆಯ ಆ ಒಂದು ಪದ ತಪ್ಪಿದರೆ ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುವ ಹೋಟೆಲಿಗೆ ನಲವತ್ತು-ಐವತ್ತು ಮೆಟ್ಟಿಲಿನ ಸೇತುವೆ ಹತ್ತಿ ಇಳಿಯಬೇಕು. ದಾದರಿನ ಸೇತುವೆಯ ಮೇಲೆ ಸಂಜೆ ಹೊತ್ತು ನಿಂತು ನೋಡಿದರೆ ತಿಳಿಯುತ್ತದೆ: ಹೂವಿನ ಮೂಟೆ ಹೊತ್ತವರು, ಡಬ್ಬದವರು, ಮಗ್ಗುಲಲ್ಲಿ ಚೀಲ ಒತ್ತಿಹಿಡಿದ ಹೆಂಗಸರು, ಎಲ್ಲ ಭುಜಕ್ಕೆ ಭುಜ ತಾಗಿಸಿ ಒಂದೇ ವೇಗದಲ್ಲಿ ಇಳಿಯುತ್ತಿರುತ್ತಾರೆ. ಆ ವೇಗಕ್ಕೆ ಹೆಜ್ಜೆ ಹಾಕಲಾಗದವರು ಕಂಬಿ ಹಿಡಿದು ಅಂಚಿಗೆ ಒತ್ತಿ ನಿಲ್ಲಬೇಕು. ಅತ್ತೆಯವರನ್ನು ದಿನಕ್ಕೆರಡು ಸಲ ಅಲ್ಲಿ ನಿಲ್ಲಿಸುವುದು ಬೇಡ. ಆಟೋದ ವಿಷಯವೂ ತಿಳಿದಿರಲಿ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ. ದಾದರಿನಲ್ಲಾಗಲಿ ಫೋರ್ಟಿನಲ್ಲಾಗಲಿ ಟ್ಯಾಕ್ಸಿ, ಬೆಸ್ಟ್ ಬಸ್ಸು, ಇಲ್ಲವೇ ನಡಿಗೆ.

ಮಳೆಗಾಲದಲ್ಲಿ ಬರುವವರಾಗಿದ್ದರೆ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಸುತ್ತಮುತ್ತ ರೂಮು ಬೇಡ ಅನ್ನುತ್ತಿದ್ದೆ. ಜೋರು ಮಳೆಗೆ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಪ್ರತಿವರ್ಷದ ಪಾಡು. ನಿಮಗೆ ಆ ಚಿಂತೆಯಿಲ್ಲ.

ಇನ್ನು ಡೊಂಬಿವಿಲಿಯ ನಿನ್ನ ಮಾವನವರ ತಮ್ಮನ ಮನೆ. ಮನೆ ಇರುವಾಗ ಲಾಡ್ಜೇಕೆ ಎಂದು ಅವರು ಬೇಜಾರು ಮಾಡಿಕೊಂಡಾರು ಎಂಬ ನಿನ್ನ ಅಳುಕು ನನಗೆ ಅರ್ಥವಾಗುತ್ತದೆ. ಅವರು ಒತ್ತಾಯ ಮಾಡುವುದು ಮನಃಪೂರ್ವಕವಾಗಿಯೇ. ಆದರೆ ಅವರದು ಒನ್ ರೂಮ್ ಕಿಚನ್, ಮನೆಯಲ್ಲಿ ನಾಲ್ಕು ಜನ. ಸಿಎಸ್‌ಎಂಟಿಯಿಂದ ಸುಮಾರು 48 ಕಿಲೋಮೀಟರು. ಗಂಡ-ಹೆಂಡತಿ ಇಬ್ಬರೂ ಬೆಳಿಗ್ಗೆ ಏಳಕ್ಕೆ ಡಬ್ಬ ಹಿಡಿದು ಹೊರಡುವವರು. ಐದು ಜನ ಅತಿಥಿಗಳು ಬಂದರೆ ಬೆಳಗಿನ ಆ ಒಂದು ಗಂಟೆ, ಒಂದೇ ಬಚ್ಚಲಿನ ಮುಂದೆ, ಎಲ್ಲರಿಗೂ ಕಷ್ಟ. ಯಾರೂ ಯಾರಿಗೂ ಏನೂ ಅನ್ನುವುದಿಲ್ಲ, ಆದರೆ ಮನಸ್ಸುಗಳು ಮುದುಡುತ್ತವೆ. ನಾನು ಹೇಳುವುದು ಇಷ್ಟು: ಊರು ಬಿಡುವ ಮೊದಲೇ ಮಾವನವರ ಕೈಯಲ್ಲಿ ಫೋನ್ ಮಾಡಿಸಿ, ರೂಮು ಇಂಥಲ್ಲಿ ಮಾಡಿದ್ದೇವೆ, ಭಾನುವಾರ ಪೂರ್ತಿ ನಿಮ್ಮ ಮನೆಯಲ್ಲೇ ಎಂದು ಹೇಳಿಸು. ಹೇಳುವವರು ಅಣ್ಣನೇ ಆಗಿರಲಿ, ನೀನಲ್ಲ. ಅವತ್ತು ಕ್ಯಾಮೆರಾ, ಪಟ್ಟಿ ಎಲ್ಲ ಪಕ್ಕಕ್ಕಿಟ್ಟು ಅವರ ಜೊತೆ ನೆಲದ ಮೇಲೆ ಕೂತು ಊಟ ಮಾಡಿ. ಎಷ್ಟೋ ವರ್ಷಕ್ಕೆ ಅಣ್ಣ-ತಮ್ಮ ಒಟ್ಟಿಗೆ ಕೂರುತ್ತಾರೆ, ಈ ಪ್ರವಾಸದಲ್ಲಿ ನಿನ್ನ ಮಾವನವರಿಗೆ ಗೇಟ್‌ವೇಗಿಂತ ಅದೇ ದೊಡ್ಡದು. ಭಾನುವಾರಗಳಲ್ಲಿ ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಗೆಂದು ಮೆಗಾಬ್ಲಾಕ್ ಮಾಡುತ್ತಾರೆ, ಹಗಲು ಹೊತ್ತಿನಲ್ಲಿ ಗಾಡಿಗಳು ತಡ. ಹಿಂದಿನ ದಿನದ ಪೇಪರಿನಲ್ಲಿ ವೇಳೆ ಬಂದಿರುತ್ತದೆ, ನೋಡಿಕೊಂಡು ಬೆಳಿಗ್ಗೆ ಬೇಗ ಹೊರಡಿ.

ಬುಕ್ ಮಾಡುವ ಮೊದಲು ಹೋಟೆಲಿಗೆ ನೀನೇ ಫೋನ್ ಮಾಡು. ಆ ಕಡೆ ಹಳೆಯ ಕಟ್ಟಡಗಳೇ ಹೆಚ್ಚು. ಹೋಟೆಲು ಮೂರನೆಯ, ನಾಲ್ಕನೆಯ ಮಹಡಿಯಲ್ಲಿರುತ್ತದೆ, ಮರದ ಮೆಟ್ಟಿಲು ಕಡಿದಾಗಿರುತ್ತವೆ. ಲಿಫ್ಟ್ ಇದೆಯೆ ಎಂದಷ್ಟೇ ಕೇಳಿದರೆ ಇದೆ ಅನ್ನುತ್ತಾರೆ. ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ರಾತ್ರಿಯೂ ಓಡುತ್ತದೆಯೆ ಎಂದು ಕೇಳು. ರೂಮಿಗೆ ಹೊರಗೆ ತೆರೆಯುವ ಕಿಟಕಿ ಇದೆಯೆ ಎಂದು ಕೇಳು. ದೊಡ್ಡ ಹಾಲಿಗೆ ಪ್ಲೈವುಡ್ ಗೋಡೆ ಹಾಕಿ ಕಿಟಕಿಯೇ ಇಲ್ಲದ ರೂಮು ಮಾಡಿರುವುದುಂಟು. ಅಂಥದರಲ್ಲಿ ಮಾವನವರಿಗೆ ಉಸಿರು ಕಟ್ಟುತ್ತದೆ. ಕಮೋಡ್ ಇದೆಯೆ ಎಂದು ಸಂಕೋಚವಿಲ್ಲದೆ ಕೇಳು. ಬೆಳಿಗ್ಗೆ ಗಾಡಿ ಇಳಿದು ಬಂದರೆ ರೂಮು ಕೊಡುತ್ತಾರೋ ಹನ್ನೆರಡರವರೆಗೆ ಕಾಯಿಸುತ್ತಾರೋ ಅದನ್ನೂ ಈಗಲೇ ಇತ್ಯರ್ಥ ಮಾಡಿಕೋ. ಎರಡು ರೂಮಾದರೆ ಒಂದೇ ಮಹಡಿಯಲ್ಲಿ, ಅಕ್ಕಪಕ್ಕ ಬೇಕೆಂದು ಹೇಳು. ರಾತ್ರಿ ಹೊತ್ತು ಅತ್ತೆಯವರು ಕರೆದರೆ ನಿನಗೆ ಕೇಳಬೇಕು. ದೊಡ್ಡವರೆಲ್ಲರ ಆಧಾರ್ ಕಾರ್ಡ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನ ತಳದಲ್ಲಿ ಬೇಡ.

ಎರಡು ಮೂರು ಹೆಸರು ಆರಿಸಿ ನನಗೆ ತಿಳಿಸು. ಮುಂದಿನ ತಿಂಗಳ ಮೊದಲ ವಾರ ದೊಡ್ಡಪ್ಪನಿಗೆ ಫೋರ್ಟ್ ಕಡೆ ಬ್ಯಾಂಕಿನ ಕೆಲಸವಿದೆ. ಮೆಟ್ಟಿಲು ಹತ್ತಿ ರೂಮಿನ ಒಳಗೆ ಹೋಗಿ, ನಲ್ಲಿ ಬಿಟ್ಟು ನೀರು ಬರುತ್ತದೆಯೇ ನೋಡಿ ಬರುತ್ತಾರಂತೆ. ಅವರು ಸರಿ ಅಂದ ಮೇಲೆ ದುಡ್ಡು ಕಟ್ಟು.